ಅರ್ಧ ದುಡ್ಡು ಠೇವಣಿ ಇಟ್ಟರೆ ಮಾತ್ರ ವಾದಿಸಲು ಅನುಮತಿ ಅಂದಿದೆ ಕೋರ್ಟು. ಈಗೇನು ಮಾಡಬೇಕು?

ನಿಮ್ಮ ಪ್ರಶ್ನೆಯಿಂದ ತಿಳಿದದ್ದಿಷ್ಟು: ಭಾವನ ಅಂಗಡಿ ಸಾಲಕ್ಕೆ ನೀವು ಜಾಮೀನು ಹಾಕಿದ್ದೀರಿ. ಬ್ಯಾಂಕು ಬೆಂಗಳೂರಿನಲ್ಲಿ 14 ಲಕ್ಷಕ್ಕೆ ಸಮರಿ ಸೂಟ್ (ಕೋರ್ಟು ಅನುಮತಿ ಕೊಟ್ಟರಷ್ಟೇ ಪ್ರತಿವಾದಿ ವಾದಿಸಬಹುದಾದ, ಬೇಗ ಮುಗಿಯುವ ದಾವೆ) ಹೂಡಿದೆ. ನಾಲ್ಕು ವಾರದಲ್ಲಿ 7 ಲಕ್ಷ ಠೇವಣಿ ಇಡಬೇಕೆಂಬ ಷರತ್ತಿನ ಮೇಲೆ ನಿಮಗೆ ಲೀವ್ ಟು ಡಿಫೆಂಡ್, ಅಂದರೆ ವಾದಿಸುವ ಅನುಮತಿ, ಸಿಕ್ಕಿದೆ. ಇದು ಕೇಸು ಸೋತ ಹಾಗೆ ಆಯಿತೇ, ಕಟ್ಟದಿದ್ದರೆ ಏನಾಗುತ್ತದೆ ಎಂಬುದು ಪ್ರಶ್ನೆ.

ಸೋತಿಲ್ಲ. ಆದರೆ ಗಡುವು ಮೀರಿದರೆ ಸೋತ ಹಾಗೆಯೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರಲ್ಲಿ ಷರತ್ತು ಪಾಲಿಸದ ಪ್ರತಿವಾದಿಗೆ ಸಾಕ್ಷಿ ವಿಚಾರಣೆಯೇ ಇರುವುದಿಲ್ಲ, ಬ್ಯಾಂಕು ನೇರವಾಗಿ ಡಿಕ್ರಿ (ಹಣ ಕಟ್ಟಬೇಕೆಂಬ ಅಂತಿಮ ಆದೇಶ) ಕೇಳಬಹುದು. ಅದರ ಮೇಲೆ ಅಪೀಲಿಗೆ ಹೋದರೂ ಹಣದ ಡಿಕ್ರಿಗೆ ತಡೆ ಬೇಕೆಂದರೆ ಅಲ್ಲಿಯೂ ಸಾಮಾನ್ಯವಾಗಿ ಠೇವಣಿ ಕೇಳುತ್ತಾರೆ. ಇಂದು ತಪ್ಪಿಸಿಕೊಂಡದ್ದನ್ನು ನಾಳೆ ಹೆಚ್ಚಿಗೆ ಕಟ್ಟಬೇಕಾಗುತ್ತದೆ.

ಷರತ್ತು ಯಾಕೆ ಬಂತು ಎಂಬುದು ಮೊದಲು ತಿಳಿಯಬೇಕು. 2016ರ ಐಡಿಬಿಐ ಟ್ರಸ್ಟೀಶಿಪ್ - ಹಬ್‌ಟೌನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮೆಟ್ಟಿಲುಗಳನ್ನು ಹಾಕಿಕೊಟ್ಟಿದೆ. ಗಟ್ಟಿ ವಾದವಿದ್ದರೆ, ಅಥವಾ ವಿಚಾರಣೆ ಮಾಡಲೇಬೇಕಾದ ನ್ಯಾಯವಾದ ಪ್ರಶ್ನೆಯಿದ್ದರೆ, ಸಾಮಾನ್ಯವಾಗಿ ಷರತ್ತಿಲ್ಲದ ಅನುಮತಿ. ಪ್ರಶ್ನೆಯಿದ್ದರೂ ಪ್ರತಿವಾದಿಯ ಪ್ರಾಮಾಣಿಕತೆಯ ಮೇಲೆ ಅನುಮಾನವಿದ್ದರೆ ಷರತ್ತು. ವಾದ ಗೆಲ್ಲುವುದು ಸಾಧ್ಯ, ಆದರೆ ಸಂಭವ ಕಡಿಮೆ ಅನ್ನಿಸಿದರೆ ಪೂರ್ತಿ ಅಸಲು ಮತ್ತು ಬಡ್ಡಿಯವರೆಗೂ ಠೇವಣಿ ಕೇಳಬಹುದು. ಹುರುಳಿಲ್ಲದ ವಾದವಾದರೆ ಅನುಮತಿಯೇ ಇಲ್ಲ. ನಿಮಗೆ ಅರ್ಧ ಎಂದಿದ್ದಾರೆ ಅಂದರೆ ನ್ಯಾಯಾಧೀಶರಿಗೆ ನಿಮ್ಮ ಮಾತು ಪೂರ್ತಿ ಸುಳ್ಳು ಅನ್ನಿಸಿಲ್ಲ.

ಇಂಥ ಆದೇಶಕ್ಕೆ ಬಹುತೇಕ ಕಾರಣ ಅಫಿಡವಿಟ್ಟಿನ ಭಾಷೆಯೇ ಎಂದು ನನ್ನ ಅಭಿಪ್ರಾಯ. “ಬ್ಯಾಂಕು ಬಡ್ಡಿ ಜಾಸ್ತಿ ಹಾಕಿದೆ, ಲೆಕ್ಕ ಸರಿಯಿಲ್ಲ” ಎಂದು ಬರೆದರೆ ಅದು ಗೊಣಗಾಟ. ಅದನ್ನೇ ಹೀಗೆ ಬರೆಯಬೇಕು: “ಸ್ಟೇಟ್‌ಮೆಂಟಿನ ಇಂಥ ತಾರೀಖಿನ ಎಂಟ್ರಿಯಲ್ಲಿ ದಂಡದ ಬಡ್ಡಿ ಇಷ್ಟು ರೂಪಾಯಿ ಅಸಲಿಗೆ ಸೇರಿಸಲಾಗಿದೆ, ಮುಂದಿನ ತಿಂಗಳು ಅದರ ಮೇಲೂ ಬಡ್ಡಿ ಬಿದ್ದಿದೆ, ಒಪ್ಪಂದದ ಇಂಥ ಕಲಮಿಗೆ ಇದು ವಿರುದ್ಧ.” ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ಅಸಲಿಗೂ ಸೇರಿಸಬಾರದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಹೇಳಿದೆ. ಹೊಸ ಸಾಲಗಳಿಗೆ ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಹಳೆಯವು 2024ರ ಜೂನ್ 30ರೊಳಗೆ ಬದಲಾಗಬೇಕಿತ್ತು. ನಿಮ್ಮ ಎಂಟ್ರಿಗಳ ತಾರೀಖು ಈ ದಿನಗಳ ನಂತರದ್ದಾಗಿದ್ದರೆ ತಪ್ಪದೆ ಎತ್ತಿ.

ಜಾಮೀನುದಾರರಿಗೆ ಇನ್ನೊಂದು ದಾರಿ ಇದೆ. ನಿಮ್ಮ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಿಸಿದ್ದರೆ ಕರಾರು ಕಾಯ್ದೆಯ ಕಲಂ 133 ಆಮೇಲಿನ ವ್ಯವಹಾರಗಳಿಂದ ನಿಮ್ಮನ್ನು ಬಿಡಿಸುತ್ತದೆ. ಆದರೆ ಬ್ಯಾಂಕುಗಳ ಗ್ಯಾರಂಟಿ ನಮೂನೆಯಲ್ಲಿ ಈ ಹಕ್ಕು ಬಿಟ್ಟುಕೊಟ್ಟೆವೆಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ನೀವು ಸಹಿ ಹಾಕಿದ ಕಾಗದ ಓದದೆ ಈ ವಾದಕ್ಕೆ ಕೈ ಹಾಕಬೇಡಿ. “ಮೊದಲು ಭಾವನಿಂದ ವಸೂಲಿ ಮಾಡಲಿ” ಎನ್ನುವುದಂತೂ ನಿಲ್ಲುವುದಿಲ್ಲ. ಒಪ್ಪಂದ ಬೇರೆ ಹೇಳದಿದ್ದರೆ ಕಲಂ 128ರ ಪ್ರಕಾರ ಇಬ್ಬರ ಹೊಣೆಯೂ ಸಮ.

ಈಗ ಕೆಲಸಕ್ಕೆ ಬರೋಣ. ಮೊದಲು ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಾಲ್ಕು ವಾರ ಎಂದಿನಿಂದ ಎಣಿಸಬೇಕು ಎಂಬುದನ್ನು ಅದರಲ್ಲೇ ನೋಡಿ. ನಕಲು ಕೈಗೆ ಬಂದ ದಿನದಿಂದ ಎಂದು ತಿಳಿದು ಕೂತವರಿಗೆ ಗಡುವು ಮೀರಿರುತ್ತದೆ. ಆದೇಶದಲ್ಲಿ “ಠೇವಣಿ” ಎಂದಷ್ಟೇ ಇದೆಯೋ, “ಅಥವಾ ಭದ್ರತೆ” ಎಂದೂ ಇದೆಯೋ ಗಮನಿಸಿ. ಎರಡನೆಯದಿದ್ದರೆ ಬ್ಯಾಂಕ್ ಗ್ಯಾರಂಟಿ ಅಥವಾ ಆಸ್ತಿಯ ದಾಖಲೆ ಕೊಡಲು ದಾರಿಯಿದೆ. ಇಲ್ಲದಿದ್ದರೆ ಅದನ್ನೇ ಕೇಳಿ ಒಂದು ಐಎ (ಕೇಸಿನೊಳಗಿನ ಮಧ್ಯಂತರ ಅರ್ಜಿ) ಹಾಕಬಹುದು.

ಹಣ ಬ್ಯಾಂಕಿಗೆ ಹೋಗುವುದಿಲ್ಲ, ಕೋರ್ಟಿನಲ್ಲಿರುತ್ತದೆ. ಅದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಿಸಿ ಎಂದು ನಿಮ್ಮ ವಕೀಲರು ಕೇಳಲಿ, ವರ್ಷಗಟ್ಟಲೆ ಕೇಸು ನಡೆದರೆ ಬಡ್ಡಿಯಾದರೂ ಬರುತ್ತದೆ. ದಾವೆ ವಜಾ ಆದರೆ ವಾಪಸು ನಿಮಗೆ. ಚಲನ್ ಕಟ್ಟಿದ ಮೇಲೆ ಮೆಮೊ ಜೊತೆ ರಸೀದಿಯನ್ನು ಕಡತಕ್ಕೆ ಸೇರಿಸಿ. ಕಟ್ಟಿಯೂ ಕಡತದಲ್ಲಿ ಕಾಣದಿದ್ದರೆ ಬ್ಯಾಂಕಿನ ವಕೀಲರು ಕಟ್ಟಿಲ್ಲವೆಂದೇ ವಾದಿಸುತ್ತಾರೆ.

7 ಲಕ್ಷ ಹೊಂದುವುದಿಲ್ಲವೆಂದರೆ ಗಡುವು ಮುಗಿಯುವ ಮುನ್ನವೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 148ರಡಿ ಸಮಯ ಕೇಳಿ, ಕಾರಣವನ್ನು ಬ್ಯಾಂಕ್ ಪಾಸ್‌ಬುಕ್ ಸಹಿತ ತೋರಿಸಿ. ಷರತ್ತೇ ಅನ್ಯಾಯ ಅನ್ನಿಸಿದರೆ ಈ ಆದೇಶದ ಮೇಲೆ ನೇರ ಅಪೀಲಿಲ್ಲ, ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಗಡುವು ನಿಲ್ಲದು, ಸ್ಟೇ ಸಿಗಬೇಕು. ಅಲ್ಲಿಯೂ ಎಂಟ್ರಿ-ತಾರೀಖುಗಳೇ ಮಾತಾಡಬೇಕು, ಬಡತನದ ಮಾತಷ್ಟೇ ಸಾಲದು.

ಇನ್ನೊಂದು ಎಚ್ಚರ: ಈ ನಡುವೆ ಒಟಿಎಸ್ (ಒಂದೇ ಸಲಕ್ಕೆ ಕಟ್ಟಿ ಸಾಲ ತೀರಿಸುವ ರಾಜಿ) ಕೇಳಿ ಬ್ಯಾಂಕಿಗೆ “ನಮ್ಮ ಬಾಕಿ ಇಷ್ಟಿದೆ, ಕಡಿಮೆ ಮಾಡಿ” ಎಂದು ಪತ್ರ ಬರೆಯಬೇಡಿ. ಆ ಸಾಲು ನಿಮ್ಮದೇ ಒಪ್ಪಿಗೆಯಾಗಿ ಕೋರ್ಟಿಗೆ ಬರುತ್ತದೆ. ರಾಜಿ ಬೇಕಿದ್ದರೆ ಎರಡೂ ಕಡೆಯ ವಕೀಲರ ಮೂಲಕ, ಹಕ್ಕುಗಳಿಗೆ ಬಾಧೆಯಿಲ್ಲವೆಂದು ಬರೆದೇ ಮಾತಾಡಿ. ಇವತ್ತೇ ನಕಲಿನ ಅರ್ಜಿ ಹಾಕಿ.