ಏರ್‌ಪೋರ್ಟಿನ ಚೆಕಿಂಗ್‌ನಿಂದ ನಿಜವಾಗಿ ಭಯೋತ್ಪಾದನೆ ನಿಲ್ಲುತ್ತಾ, ಸುಮ್ನೆ ತೋರಿಕೆಯಾ?

ಉಪ್ಪಿನಕಾಯಿ ಬಾಟ್ಲಿ ಬಿಸಾಡಿಸಿದರೆ ಬಾಂಬ್ ಇಡುವವನು ಹೆದರುತ್ತಾನಾ ಅಂತ ಕೇಳಿದ್ದೀರಿ. ಉಪ್ಪಿನಕಾಯಿಯ ಮಟ್ಟಿಗೆ ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ನಾನು ಕುಂಬಳೆ ಕಡೆಯವನು, ಕೆಲಸ ಶಾರ್ಜಾದಲ್ಲಿ, ಊರಿಗೆ ಬಂದು ಹೋಗುವುದು ಮಂಗಳೂರಿನಿಂದ, ಕೆಲವು ಸಲ ಕಣ್ಣೂರಿನಿಂದ. ಅಮ್ಮ ಕಟ್ಟಿ ಕೊಟ್ಟದ್ದನ್ನು ಬುಟ್ಟಿಗೆ ಹಾಕಿ ಹೋಗುವವರ ಮುಖ ಪ್ರತಿ ಸಲ ನೋಡುತ್ತೇನೆ. ಆದರೂ ನನ್ನ ಉತ್ತರ: ಹೌದು, ತಡೆಯುತ್ತದೆ. ಎಲ್ಲಾ ಚೆಕಿಂಗ್ ಅಲ್ಲ, ಕೆಲವು. ಅದರಲ್ಲಿ ತುಂಬಾ ಕೆಲಸ ಮಾಡುವಂಥದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಏರ್ ಇಂಡಿಯಾದ ಕನಿಷ್ಕ ವಿಮಾನದ ಕಥೆ ಗೊತ್ತಿದೆಯಲ್ವಾ? 1985ರ ಜೂನ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಬ್ಬ ತನ್ನ ಸೂಟ್‌ಕೇಸನ್ನು ನೇರ ದೆಹಲಿಗೆ ಹಾಕಿ ಅಂತ ಕೌಂಟರಿನಲ್ಲಿ ಹಟ ಹಿಡಿದ. ಟೊರಾಂಟೊದಿಂದ ಮುಂದಕ್ಕೆ ಅವನ ಸೀಟೇ ಖಚಿತ ಆಗಿರಲಿಲ್ಲ. ಹಿಂದೆ ಉದ್ದ ಸಾಲು ಇತ್ತು, ಕೌಂಟರಿನವರು ಕೊನೆಗೆ ಒಪ್ಪಿದರು. ಸೂಟ್‌ಕೇಸ್ ಹೋಯಿತು, ಅವನು ವಿಮಾನ ಹತ್ತಲೇ ಇಲ್ಲ. ಟೊರಾಂಟೊದಲ್ಲಿ ಎಕ್ಸ್‌ರೇ ಮೆಷಿನ್ ನಡುವಿನಲ್ಲೇ ಕೆಟ್ಟು ಹೋಯಿತು, ಉಳಿದ ಬ್ಯಾಗುಗಳನ್ನು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಸಾಧನದಿಂದ ನೋಡಿ ಕಳಿಸಿದರು. ಜೂನ್ 23ರಂದು ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ವಿಮಾನ ಸಿಡಿಯಿತು. 329 ಜನ ಸತ್ತರು. ಅದೇ ದಿನ ಟೋಕಿಯೊದ ನರಿಟಾದಲ್ಲಿ ಇನ್ನೊಂದು ಸೂಟ್‌ಕೇಸ್ ಸಿಡಿದು, ಲಗೇಜ್ ಇಳಿಸುತ್ತಿದ್ದ ಇಬ್ಬರು ಸತ್ತರು.

ಇಲ್ಲಿ ಬೇಕಾಗಿದ್ದದ್ದು ದೊಡ್ಡ ತಂತ್ರಜ್ಞಾನ ಅಲ್ಲ. ಬ್ಯಾಗಿನ ಯಜಮಾನ ವಿಮಾನದಲ್ಲಿ ಇದ್ದಾನಾ ಅಂತ ಯಾರಾದರೂ ನೋಡಿದ್ದರೆ ಸಾಕಿತ್ತು. ಈಗ ಅದನ್ನು ನೋಡುತ್ತಾರೆ. ಚೆಕ್-ಇನ್ ಮಾಡಿದವರು ಗೇಟಿಗೆ ಬರದಿದ್ದರೆ ಅವರ ಲಗೇಜನ್ನು ಹುಡುಕಿ ಕೆಳಗೆ ಇಳಿಸಿದ ಮೇಲೆಯೇ ವಿಮಾನ ಹೊರಡುವುದು. ಆಗ ಒಳಗೆ ಕೂತವರೆಲ್ಲ ಗೊಣಗುತ್ತಾರೆ, ಕೆಲವರು ಏರ್‌ಹೋಸ್ಟೆಸ್ ಮೇಲೆ ರೇಗುತ್ತಾರೆ. ಎಷ್ಟು ಹೊತ್ತಾದರೂ ಆ ತಡಕ್ಕೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. 329 ಜನರ ಜೀವ ಹೋದ ಮೇಲೆ ಸಿಕ್ಕಿದ ನಿಯಮ ಅದು.

ಹೈಜಾಕ್ ವಿಷಯದಲ್ಲೂ ಹಾಗೆಯೇ. 1968ರಿಂದ 1972ರವರೆಗೆ ಅಮೆರಿಕದಲ್ಲಿ ನೂರಕ್ಕೂ ಜಾಸ್ತಿ ಹೈಜಾಕ್ ಪ್ರಯತ್ನ ನಡೆದಿತ್ತು. 1973ರ ಜನವರಿಯಿಂದ ಎಲ್ಲರನ್ನೂ ಚೆಕ್ ಮಾಡಲು ಶುರು ಮಾಡಿದರು, ಸಂಖ್ಯೆ ಒಮ್ಮೆಲೇ ಇಳಿಯಿತು. ನಮ್ಮಲ್ಲಿ 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಹೈಜಾಕ್ ಆಗಿ ಅಫ್ಘಾನಿಸ್ತಾನದ ಕಂದಹಾರ್ ಮುಟ್ಟಿತು, ಮೂವರು ಉಗ್ರರನ್ನು ಬಿಡಬೇಕಾಯಿತು. ಮರು ವರ್ಷದಿಂದ ಏರ್‌ಪೋರ್ಟುಗಳ ಭದ್ರತೆ ಒಂದೊಂದಾಗಿ ಕೇಂದ್ರ ಸರ್ಕಾರದ ಭದ್ರತಾ ಪಡೆ ಸಿಐಎಸ್‌ಎಫ್ ಕೈಗೆ ಬಂತು. ಆಮೇಲೆ ನಮ್ಮ ದೇಶದ ಒಂದು ಪ್ರಯಾಣಿಕರ ವಿಮಾನವನ್ನೂ ಉಗ್ರರು ಹಿಡಿದುಕೊಂಡು ಹೋಗಿಲ್ಲ. ಅದಕ್ಕೆ ಮೊದಲು ಎಷ್ಟು ಸಲ ಆಗಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ.

2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ವಿಮಾನ ಹೈಜಾಕ್ ಮಾಡಿ ನಡೆಸಿದ ದಾಳಿಯ ನಂತರ ಕಾಕ್‌ಪಿಟ್ ಬಾಗಿಲು ಗಟ್ಟಿಯಾಯಿತು, ಒಳಗಿಂದ ಲಾಕ್ ಬಂತು. ಇದೂ ದೊಡ್ಡ ಉಪಕಾರವೇ. ಆದರೆ 2015ರಲ್ಲಿ ಜರ್ಮನ್‌ವಿಂಗ್ಸ್ ವಿಮಾನದ ಸಹ ಪೈಲಟ್ ಅದೇ ಲಾಕ್ ಹಾಕಿ ಕ್ಯಾಪ್ಟನ್‌ನನ್ನು ಹೊರಗಿಟ್ಟು ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿದ, 150 ಜನ ಹೋದರು. ಹೊರಗಿನವನಿಗೆ ಅಂತ ಮಾಡಿದ ಬಾಗಿಲು ಒಳಗಿನವನನ್ನು ತಡೆಯಲಿಲ್ಲ.

ಇನ್ನು ಕೈಬ್ಯಾಗಿನಲ್ಲಿ 100 ಎಂಎಲ್‌ಗಿಂತ ದೊಡ್ಡ ದ್ರವದ ಬಾಟ್ಲಿ ಒಯ್ಯಬಾರದು ಅನ್ನುವ ನಿಯಮದ ವಿಷಯ. 2006ರಲ್ಲಿ ಬ್ರಿಟನ್ನಿನಲ್ಲಿ ಕೆಲವರು ಜ್ಯೂಸ್ ಬಾಟ್ಲಿಯಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಸಿಡಿಸಲು ಹೊರಟಿದ್ದರು. ಅವರು ಸಿಕ್ಕಿಬಿದ್ದದ್ದು ಸ್ಕ್ಯಾನರ್‌ನಲ್ಲಿ ಅಲ್ಲ. ಪೊಲೀಸರು ಮೊದಲೇ ಹಿಂದೆ ಬಿದ್ದು, ಏರ್‌ಪೋರ್ಟ್ ಮುಟ್ಟುವ ಮುಂಚೆಯೇ ಹಿಡಿದರು. ಬಾಟ್ಲಿ ನಿಯಮ ಬಂದದ್ದು ಆಮೇಲೆ. ಬೂಟು ಬಿಚ್ಚಿಸುವುದೂ ಹೀಗೆಯೇ, 2001ರಲ್ಲಿ ಒಬ್ಬ ಬೂಟಿನಲ್ಲಿ ಬಾಂಬ್ ತಂದ ಮೇಲೆ ಬಂದದ್ದು. ಅಮೆರಿಕದಲ್ಲಿ 2025ರಲ್ಲಿ ಅದನ್ನು ಕೈಬಿಟ್ಟರು. 2009ರ ಕ್ರಿಸ್‌ಮಸ್ ದಿನ ಒಳಚಡ್ಡಿಯಲ್ಲಿ ಸ್ಫೋಟಕ ಇಟ್ಟುಕೊಂಡು ಡೆಟ್ರಾಯಿಟ್ ವಿಮಾನ ಹತ್ತಿದವನ ಬಗ್ಗೆ ಅವನ ಸ್ವಂತ ಅಪ್ಪನೇ ನೈಜೀರಿಯಾದ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಎಚ್ಚರಿಸಿದ್ದರು. ಅಪ್ಪನ ಮಾತು ಕಡತದಲ್ಲಿ ಉಳಿಯಿತು, ಮಗ ಚೆಕಿಂಗ್ ದಾಟಿ ಹೋದ, ಕೊನೆಗೆ ಹಿಡಿದದ್ದು ಸಹಪ್ರಯಾಣಿಕರು. ಎಂಥಾ ಬೇಸರದ ಸಂಗತಿ ನೋಡಿ ಮಾರಾಯ್ರೆ.

ಸಾಲಿನಲ್ಲಿ ನಡೆಯುವ ಚೆಕಿಂಗ್ ಎಷ್ಟು ಗಟ್ಟಿ ಅಂತ ಕೇಳಿದರೆ, ಅಮೆರಿಕದವರೇ ಗುಟ್ಟಾಗಿ ಪರೀಕ್ಷೆ ಮಾಡಿದ್ದರು. 2015ರಲ್ಲಿ ಹೊರಬಿದ್ದ ಫಲಿತಾಂಶದ ಪ್ರಕಾರ 70 ಸಲ ನಕಲಿ ಬಾಂಬ್, ಆಯುಧ ಒಯ್ದರೆ 67 ಸಲ ದಾಟಿ ಹೋಯಿತು. ಹಾಗಾದರೆ ಎಲ್ಲಾ ತೆಗೆದುಬಿಡಿ ಅಂತ ನಾನು ಹೇಳುವುದಿಲ್ಲ. ಉಗ್ರರಿಗೆ ಸಿಕ್ಕಿಬೀಳುವ ಭಯ ಇದ್ದರೆ ಕಬ್ಬಿಣದ ಆಯುಧ ಬಿಟ್ಟು ಬೇರೆ ದಾರಿ ಹುಡುಕಬೇಕಾಗುತ್ತದೆ, ಹುಡುಕುವಾಗ ಇನ್ನಷ್ಟು ಜನ ಸೇರಬೇಕು, ಮಾತು ಹೊರಗೆ ಹೋಗುತ್ತದೆ, ಆಗ ಪೊಲೀಸರಿಗೆ ಸುಳಿವು ಸಿಗುತ್ತದೆ.

ನಮ್ಮ ಪಕ್ಕದ್ದೇ ಒಂದು ಹೇಳುತ್ತೇನೆ. 2020ರ ಜನವರಿ 20ರಂದು ಮಂಗಳೂರು ಏರ್‌ಪೋರ್ಟಿನಲ್ಲಿ ಒಂದು ಬ್ಯಾಗ್ ಅನಾಥವಾಗಿ ಬಿದ್ದಿತ್ತು. ಆಟೋದಲ್ಲಿ ಬಂದವನೊಬ್ಬ ಇಟ್ಟು ಹೋಗಿದ್ದ. ಸ್ಕ್ಯಾನರ್ ತನಕ ಅದು ಬರಲೇ ಇಲ್ಲ, ಬರುವ ಅಗತ್ಯವೂ ಇಟ್ಟವನಿಗೆ ಇರಲಿಲ್ಲ. ಸಿಐಎಸ್‌ಎಫ್‌ನವರು ಗಮನಿಸಿದರು, ಜನರನ್ನು ದೂರ ಕಳಿಸಿದರು, ಕೆಂಜಾರಿನ ಮೈದಾನಕ್ಕೆ ಒಯ್ದು ಸಿಡಿಸಿದರು. 2016ರಲ್ಲಿ ಬ್ರಸೆಲ್ಸ್‌ನಲ್ಲಿ ಬಾಂಬ್ ಸಿಡಿದದ್ದೂ ಚೆಕಿಂಗ್‌ಗಿಂತ ಮೊದಲು, ಚೆಕ್-ಇನ್ ಹಾಲ್‌ನಲ್ಲೇ. ಅದಕ್ಕೇ ಗೇಟಿನ ಹೊರಗೆ ಜನರನ್ನು ಗಂಟೆಗಟ್ಟಲೆ ಗುಂಪಾಗಿ ನಿಲ್ಲಿಸುವುದು ನೋಡಿದರೆ ನನಗೆ ಭಯ ಆಗುತ್ತದೆ. ನೀವು ದೂರು ಕೊಡುವುದಾದರೆ ಉಪ್ಪಿನಕಾಯಿಗೆ ಅಲ್ಲ, ಇದಕ್ಕೆ ಕೊಡಿ.

ಇನ್ನೊಂದು ಮಾತು. ಮಂಗಳೂರಿನ ಬ್ಯಾಗ್ ಸಿಕ್ಕಿದ ದಿನ ವಾಟ್ಸಾಪ್‌ನಲ್ಲಿ ಯಾರ ಮೇಲೆ ಗುಮಾನಿ ಪಟ್ಟರು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎರಡು ದಿನ ಆದ ಮೇಲೆ ಬೆಂಗಳೂರಿನಲ್ಲಿ ಶರಣಾದವನು ಒಬ್ಬ ಇಂಜಿನಿಯರ್, ಆ ಗುಮಾನಿಗೂ ಅವನಿಗೂ ಸಂಬಂಧವೇ ಇರಲಿಲ್ಲ. 2022ರಲ್ಲಿ ಕೋರ್ಟು ಶಿಕ್ಷೆ ಕೊಟ್ಟಿತು. ನನ್ನ ಜೊತೆ ಊರಿಗೆ ಬರುವ ಉಪ್ಪಳದ ಗೆಳೆಯನನ್ನು ಗಡ್ಡ ನೋಡಿ, ಹೆಸರು ನೋಡಿ ಬೇರೆ ನಿಲ್ಲಿಸುತ್ತಾರೆ, ನನ್ನನ್ನು ಬಿಡುತ್ತಾರೆ. ಭದ್ರತೆಯವರು ಅವನ ಹಿಂದೆ ಬಿದ್ದ ಹೊತ್ತಿನಲ್ಲಿ ಅನಾಥ ಬ್ಯಾಗನ್ನು ಯಾರು ನೋಡುತ್ತಾರೆ? ಚೆಕ್ ಮಾಡುವುದಾದರೆ ನನ್ನನ್ನೂ ಅಷ್ಟೇ ಹೊತ್ತು ನಿಲ್ಲಿಸಿ ಮಾಡಲಿ.