ಮರೆತೆನೆಂದವನೂ ಒಪ್ಪಿಕೊಂಡವನೂ

ಪತ್ರ: ಜೀವಾವಧಿ ಶಿಕ್ಷೆ ಮುಗಿಸಿ ಬಂದವರೊಬ್ಬರ ಸಂದರ್ಶನವನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ತಮ್ಮನನ್ನು ಕೊಂದ ಗಳಿಗೆಯೇ ನೆನಪಿಲ್ಲ ಎನ್ನುತ್ತಾರೆ. ಮಾಡಿದವನಿಗೆ ಮರೆಯುವುದುಂಟೇ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪೊಲೀಸರು ಸರಿಯಾಗಿ ವಿಚಾರಿಸಿದರೆ ಎಲ್ಲವೂ ನೆನಪಾಗುತ್ತದೆ. ಇಂಥವರಿಗೆ ಪುಟ ಕೊಟ್ಟದ್ದೇಕೆ?
– ಓದುಗರೊಬ್ಬರು, ಸಕಲೇಶಪುರ

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಸಿಟ್ಟು ಸತ್ತವನ ಮನೆಯವರನ್ನು ನೆನೆದು ಬಂದದ್ದು, ಅದನ್ನು ಗೌರವಿಸುತ್ತೇನೆ. ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಮರೆವಿನ ಸೋಗು ಹಾಕುವವರಿದ್ದಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರೂ ಅಲ್ಲಗಳೆಯುವುದಿಲ್ಲ. ಆದರೆ ತಪ್ಪನ್ನು ಒಪ್ಪಿ, ಶಿಕ್ಷೆಯನ್ನೂ ಮುಗಿಸಿ ಬಂದವರಿಗೆ ಈಗ ಆ ಸೋಗಿನಿಂದ ಸಿಗುವುದೇನು?

ಸಂದರ್ಶನವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮಚ್ಚಿನ ಹಿಡಿಗೆ ಸುತ್ತಿದ್ದ ಸೈಕಲ್ ಟ್ಯೂಬಿನ ರಬ್ಬರು, ಪಕ್ಕದ ತೋಟದಲ್ಲಿ ಕಾಫಿ ಹಣ್ಣಿನ ಪಲ್ಪರ್ ಓಡುತ್ತಿದ್ದ ಸದ್ದು, ಬೇಲಿಯ ಮೇಲೆ ಒಣಹಾಕಿದ್ದ ಗೋಣಿಚೀಲ, ಇವೆಲ್ಲ ಅವರಿಗೆ ಇಂದಿಗೂ ನೆನಪಿವೆ. ಎಷ್ಟು ಏಟು ಬಿತ್ತು, ತಮ್ಮ ಏನೆಂದು ಕೂಗಿದ ಎಂಬುದು ಮಾತ್ರ ಇಲ್ಲ. “ಅದು ಕೋರ್ಟಿನಲ್ಲಿ ಕೇಳಿ ತಿಳಿದದ್ದು ಸಾರ್” ಎಂದರು. ಸುಳ್ಳು ಹೇಳುವವನು ಹೀಗೆ ತನಗೆ ಉಪಯೋಗವಿಲ್ಲದ ಕಡೆ ಮರೆಯುವುದಿಲ್ಲ. ಅತಿಯಾದ ಉದ್ವೇಗದಲ್ಲಿ ಗಮನವು ಒಂದೆರಡು ಸಂಗತಿಗಳಿಗೆ ಕಚ್ಚಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ಮಿತಿಮೀರಿ ಕುಡಿದಾಗಲಂತೂ ಮೆದುಳಿನ ಹಿಪೊಕ್ಯಾಂಪಸ್ ಭಾಗವು ನಡೆದುದನ್ನು ದಾಖಲಿಸುವುದನ್ನೇ ನಿಲ್ಲಿಸಬಹುದು. ದಾಖಲಾಗದೇ ಹೋದದ್ದನ್ನು ಯಾವ ವಿಚಾರಣೆಯೂ ಹೊರಗೆ ತರಲಾರದು. ದಾಖಲಾದುದಾದರೂ ಇದ್ದಂತೆಯೇ ಇರುವುದಿಲ್ಲ. ನೆನೆಯುವಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದರು.

ನನ್ನನ್ನು ನಿಜವಾಗಿ ಕಳವಳಕ್ಕೀಡುಮಾಡಿದ್ದು “ಸರಿಯಾಗಿ ವಿಚಾರಿಸಿದರೆ” ಎಂಬ ನಿಮ್ಮ ಮಾತು. ಐಸ್‌ಲ್ಯಾಂಡಿನಲ್ಲಿ 1974ರಲ್ಲಿ ಇಬ್ಬರು ಕಾಣೆಯಾದರು; ಅವರ ಶವಗಳು ಇಂದಿಗೂ ಸಿಕ್ಕಿಲ್ಲ. ದೀರ್ಘಕಾಲದ ಒಂಟಿ ಸೆರೆ ಮತ್ತು ಮುಗಿಯದ ವಿಚಾರಣೆಯ ನಂತರ ಆರು ಮಂದಿ ತರುಣ ತರುಣಿಯರಿಗೆ ಶಿಕ್ಷೆಯಾಯಿತು. ತಮ್ಮ ನೆನಪಿನ ಮೇಲೆಯೇ ನಂಬಿಕೆ ಕಳೆದುಕೊಂಡು, ತಾವೇ ಮಾಡಿರಬೇಕು ಎಂದುಕೊಂಡವರೂ ಅವರಲ್ಲಿದ್ದರು. ಆ ದೇಶದವರೇ ಆದ ಮನಶ್ಶಾಸ್ತ್ರಜ್ಞ ಗೀಸ್ಲಿ ಗುಡ್ಯೊನ್ಸನ್ ಇಂಥ ಸುಳ್ಳು ತಪ್ಪೊಪ್ಪಿಗೆಗಳ ಅಧ್ಯಯನಕ್ಕೇ ಜೀವನ ಮೀಸಲಿಟ್ಟರು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐವರನ್ನು ಖುಲಾಸೆಗೊಳಿಸಿತು, ಅಷ್ಟರಲ್ಲಿ ಇಬ್ಬರು ತೀರಿಕೊಂಡಿದ್ದರು. ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ, ಮಾನ್ಯರೇ. ಮನಶ್ಶಾಸ್ತ್ರಜ್ಞರಾದ ಜೂಲಿಯಾ ಶಾ ಮತ್ತು ಸ್ಟೀಫನ್ ಪೋರ್ಟರ್ ಕೆನಡಾದ ವಿದ್ಯಾರ್ಥಿಗಳನ್ನು ಮೂರೇ ಸಲ ಮಾತಾಡಿಸಿ, ಎಂದೂ ಮಾಡದ ಅಪರಾಧವನ್ನು ಹದಿಹರೆಯದಲ್ಲಿ ಮಾಡಿದ್ದೆವೆಂದು ಅವರಲ್ಲಿ ಶೇ. 70ರಷ್ಟು ಮಂದಿಯನ್ನು ನಂಬಿಸಿದ್ದಾಗಿ 2015ರಲ್ಲಿ ವರದಿ ಮಾಡಿದರು. ಬೇರೆ ತಜ್ಞರು ಬಿಗಿಯಾದ ಅಳತೆಗೋಲು ಹಿಡಿದು ಮರುಲೆಕ್ಕ ಹಾಕಿದಾಗಲೂ ಕಾಲುಭಾಗಕ್ಕೂ ಹೆಚ್ಚು ಮಂದಿಯಲ್ಲಿ ಸುಳ್ಳು ನೆನಪು ಮೂಡಿತ್ತು. ಅಲ್ಲಿ ಲಾಠಿಯಿರಲಿಲ್ಲ, ಲಾಕಪ್ಪೂ ಇರಲಿಲ್ಲ.

ನಮ್ಮ ಕಾನೂನು ಇದನ್ನು ಬಹಳ ಹಿಂದೆಯೇ ಅರಿತಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ, ಆ ಮಾತಿನಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ವಿನಾಯಿತಿ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಅಂದರೆ ನಮ್ಮದೇ ರಾಜ್ಯ ಕಕ್ಷಿಯಾಗಿದ್ದ ಮೊಕದ್ದಮೆಯಲ್ಲಿ. ಇಷ್ಟಾದರೂ ಬೆಳಿಗ್ಗೆ ಹಾಸನದ ಯಾವ ಹೋಟೆಲಿನ ಮೇಜಿನ ಮೇಲೆ ಪತ್ರಿಕೆ ಬಿಡಿಸಿದರೂ “ಬಾಯ್ಬಿಟ್ಟ ಹಂತಕ” ಎಂಬ ದಪ್ಪಕ್ಷರದ ಶೀರ್ಷಿಕೆ ಕಣ್ಣಿಗೆ ರಾಚುತ್ತದೆ. ಬಂಧನವಾಗಿ ಎರಡು ದಿನ ಕಳೆದಿರುವುದಿಲ್ಲ, ಆಗಲೇ ಆರೋಪಿ ಹಂತಕನಾಗಿರುತ್ತಾನೆ. ಅವನು ಮುಂದೆ ಖುಲಾಸೆಯಾದರೆ ಆ ಸುದ್ದಿಗೆ ಒಳಪುಟದ ಮೂಲೆಯೂ ಸಿಗುವುದಿಲ್ಲ. ಟೀವಿಯವರು ಇನ್ನೂ ಮುಂದೆ ಹೋಗಿ, ಕೊಲೆಯನ್ನು ನಟರಿಂದ ಮಾಡಿಸಿ ತೋರಿಸುತ್ತಾರೆ. ಅದನ್ನು ನೋಡಿದ ಸಾಕ್ಷಿ ನಾಳೆ ಕಟಕಟೆಯಲ್ಲಿ ಹೇಳುವುದು ಕಂಡದ್ದನ್ನೋ, ಟೀವಿಯಲ್ಲಿ ನೋಡಿದ್ದನ್ನೋ?

ನಿಮ್ಮಂತೆ ಓದಿ, ಯೋಚಿಸಿ, ಮೂರು ಪುಟ ಕೈಬರಹದಲ್ಲಿ ಬರೆದು ಕಳಿಸುವ ಓದುಗರೇ ಆ ಶೀರ್ಷಿಕೆಗಳನ್ನು ಪ್ರಶ್ನಿಸದಿದ್ದರೆ ಇನ್ನಾರು ಪ್ರಶ್ನಿಸಬೇಕು? ನಮ್ಮ ಪತ್ರಿಕೆಯಲ್ಲಂತೂ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗದ ಹೇಳಿಕೆಯನ್ನು ತಪ್ಪೊಪ್ಪಿಗೆ ಎಂದು ಅಚ್ಚು ಹಾಕುವುದಿಲ್ಲ, ಆ ಸಂದರ್ಶನದ ಎರಡನೆಯ ಕಂತೂ ಮುಂದಿನ ಸಂಚಿಕೆಯಲ್ಲಿ ಬರುತ್ತದೆ.