ಚೀಲದ ಮಾತು ಯಾರೂ ಎತ್ತಿರಲಿಲ್ಲ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಅಪ್ಪ, ಮಗ ಒಟ್ಟಿಗೇ ನನ್ನ ಬಳಿ ಸಲಹೆಗೆ ಬಂದಿದ್ದರು. ಅಪ್ಪನಿಗೆ 62 ವರ್ಷ. ಮೂತ್ರಕೋಶದ ಕ್ಯಾನ್ಸರ್ ಸ್ನಾಯುವಿನ ಪದರಕ್ಕೂ ಇಳಿದಿತ್ತು. ಮೂತ್ರದ ದಾರಿಯಿಂದಲೇ ಒಳಹೋಗಿ ಗಡ್ಡೆ ಕೆರೆದು ತೆಗೆದರೆ ಸಾಕಾಗುವ ಹಂತ ದಾಟಿತ್ತು. ಮೊದಲು ಕೀಮೋ, ಆಮೇಲೆ ಇಡೀ ಮೂತ್ರಕೋಶ ತೆಗೆಯಬೇಕು ಎಂದಿದ್ದರು ವೈದ್ಯರು.

ಮಾತೆಲ್ಲ ಮಗನದೇ. "ರೋಬೋಟ್ ಆಪರೇಷನ್ ಮೇಡಂ, ನಾಲ್ಕಾರು ಸಣ್ಣ ತೂತು ಅಷ್ಟೇ. ಅಪ್ಪ ಸುಮ್ನೆ ಹೆದರ್ತಾರೆ." ಅಪ್ಪ ನೆಲ ನೋಡುತ್ತ ಕೂತಿದ್ದರು. ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿದೆ. ತುಂಬ ಹೊತ್ತಿನ ಮೇಲೆ ಅವರು ಬಾಯಿಬಿಟ್ಟರು: "ಹೊಟ್ಟೆ ಮೇಲೆ ಚೀಲ ಅಂಟಿಸ್ಕೊಂಡು ಹೆಂಡತಿ ಪಕ್ಕ ಹೇಗಮ್ಮ ಮಲಗೋದು?"

ಮಗನನ್ನು ಒಳಗೆ ಕರೆದೆ. ರೋಬೋಟ್ ಒಳ್ಳೆಯ ದಾರಿಯೇ ಎಂದೆ. 2018ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಎರಡು ವರ್ಷದ ಮಟ್ಟಿಗೆ ಕ್ಯಾನ್ಸರ್ ಹತೋಟಿಯಲ್ಲಿ ಅದು ಹೊಟ್ಟೆ ಕೊಯ್ದು ಮಾಡುವ ತೆರೆದ ಆಪರೇಷನ್‌ಗಿಂತ ಹಿಂದೆ ಬಿದ್ದಿರಲಿಲ್ಲ. ರಕ್ತ ಹೋಗುವುದು ಕಡಿಮೆ, ಸಮಯ ಮಾತ್ರ ಜಾಸ್ತಿ. ಆದರೆ ತೂತು ಸಣ್ಣದಾದರೂ ಒಳಗೆ ತೆಗೆಯುವುದು ತೆರೆದ ಆಪರೇಷನ್‌ನಷ್ಟೇ: ಮೂತ್ರಕೋಶ, ಅದರ ಕೆಳಗಿನ ಪ್ರಾಸ್ಟೇಟ್ ಗ್ರಂಥಿ, ಸುತ್ತಲಿನ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್). ಆಮೇಲೆ ಮೂತ್ರ ಎಲ್ಲಿಂದ ಹೋಗಬೇಕು? ಅಪ್ಪನ ಭಯ ಅಲ್ಲಿತ್ತು. ಅದು ಸುಮ್ನೆ ಹೆದರಿಕೆ ಅಲ್ಲ.

ಒಂದು ದಾರಿ, ಸಣ್ಣ ಕರುಳಿನ ತುಂಡಿನ ಮೂಲಕ ಹೊಟ್ಟೆ ಮೇಲಿನ ಚೀಲಕ್ಕೆ ಹರಿಸುವುದು. ಇನ್ನೊಂದು, ಕರುಳಿನಿಂದಲೇ ಹೊಸ ಮೂತ್ರಕೋಶ ಹೊಲಿಯುವುದು. ಆಗ ಚೀಲ ಇರುವುದಿಲ್ಲ. ಆದರೆ ತುಂಬಿದ್ದು ಮೊದಲಿನಂತೆ ಗೊತ್ತಾಗುವುದಿಲ್ಲ. ಗಡಿಯಾರ ನೋಡಿ ಹೋಗಬೇಕು, ರಾತ್ರಿಯೂ ಏಳಬೇಕು. ಕೆಲವರಿಗೆ ನಿದ್ದೆಯಲ್ಲಿ ಸೋರುತ್ತದೆ. ಕಿಡ್ನಿ ಸರಿಯಿಲ್ಲದವರಿಗೆ ಇದು ಹೊಂದುವುದಿಲ್ಲ.

ಸರ್ಜನ್ ಹತ್ತಿರ ಮೂರು ವಿಷಯ ಕೇಳಿ ಎಂದೆ. ನನಗೆ ಎರಡರಲ್ಲಿ ಯಾವುದು ಆಗುತ್ತದೆ? ನಿಮಿರುವಿಕೆಯ ನರ ಉಳಿಸಲು ಸಾಧ್ಯವೇ? ಕೀಮೋ ಜೊತೆ ರೇಡಿಯೇಷನ್ ಕೊಟ್ಟು ಮೂತ್ರಕೋಶ ಉಳಿಸುವ ಚಿಕಿತ್ಸೆ ನನಗೆ ಹೊಂದುತ್ತದೆಯೇ? ಎರಡನೆಯದನ್ನು ನಾಚಿಕೊಂಡು ಬಿಡಬೇಡಿ ಎಂದು ಒತ್ತಿ ಹೇಳಿದೆ. ಚೀಲದ ಜಾಗವನ್ನು ಆಪರೇಷನ್‌ಗೆ ಮೊದಲೇ, ಕೂತು, ನಿಂತು, ಬಗ್ಗಿ ನೋಡಿ ಗುರುತು ಹಾಕಿಸಿಕೊಳ್ಳಬೇಕು. ನರ್ಸ್ ಹತ್ತಿರ ಒಂದು ಚೀಲ ಕೇಳಿ ಪಡೆದು, ಸ್ವಲ್ಪ ನೀರು ತುಂಬಿ, ಒಂದು ರಾತ್ರಿ ಅಂಟಿಸಿಕೊಂಡು ಮಲಗಿ ನೋಡಿ ಎಂದೆ. ಮುಂದಿನ ಸಲ ಹೆಂಡತಿಯನ್ನೂ ಕರೆತರಲು ಹೇಳಿದೆ.

ಎರಡು ವಾರದ ನಂತರ ದಂಪತಿ ಬಂದರು. ಚೀಲ ಅಂಟಿಸಿಕೊಂಡು ಮಲಗಿದ್ದರಂತೆ. "ನಂಗೆ ನಿದ್ದೆ ಬರ್ಲಿಲ್ಲ, ಇವಳು ಚೆನ್ನಾಗೇ ಮಲಗಿದ್ಲು" ಎಂದರು. ಹೆಂಡತಿ ಕೈಯಲ್ಲಿ ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆಗಳ ಚೀಟಿ ಇತ್ತು. ನರದ ಪ್ರಶ್ನೆಯನ್ನು ಮೊದಲು ಬರೆದಿದ್ದರು.